ಮೊದಲ ಹನ್ನೆರಡು ಸೆಕೆಂಡು

ಕಪ್ಪೆಯ ಕೂಗನ್ನು ದಾಖಲಿಸುವವರಲ್ಲಿ ಒಂದು ಪದ್ಧತಿಯಿದೆ. ಮೈಕ್ ಹಿಡಿದ ಮೇಲೆ ಕಪ್ಪೆಗಿಂತ ಮೊದಲು ತಾವು ಮಾತಾಡಬೇಕು. ಯಾವ ಹೊಂಡ, ಯಾವ ದಿನ, ನೀರು ಎಷ್ಟು ಡಿಗ್ರಿ, ಆಕಾಶ ಹೇಗಿದೆ, ಕೊನೆಗೆ ದಾಖಲಿಸುತ್ತಿರುವವರು ಯಾರು. ಚೀಟಿ ಕಳೆದುಹೋಗಬಹುದು, ಪುಸ್ತಕ ನೀರಿಗೆ ಬೀಳಬಹುದು, ಆದರೆ ದನಿ ಮಾತ್ರ ಕೂಗಿಗೆ ಅಂಟಿಕೊಂಡೇ ಇರುತ್ತದೆ ಎಂಬ ನಂಬಿಕೆ. ಹೆಸರು ಹೇಳಿದ ಮೇಲೆ ಕಪ್ಪೆಯ ಸರದಿ. ಮನುಷ್ಯರು ಮತ್ತೆ ಬಾಯಿ ಬಿಡುವಂತಿಲ್ಲ.

ನನ್ನ ಅಕ್ಕ ಹನ್ನೊಂದು ವರ್ಷ ಹೀಗೆ ಮಾತಾಡಿದಳು. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಸೊಳ್ಳೆಗಳಿಗೆ ಊಟವಾಗಿ, ವಾರ್ತೆ ಓದುವವಳ ಗತ್ತಿನಲ್ಲಿ ತನ್ನ ಪೂರ್ತಿ ಹೆಸರು ಹೇಳುತ್ತಿದ್ದಳು. "ಕಪ್ಪೆಗಳಿಗೆ ನಿನ್ನ ಹೆಸರು ಕಟ್ಕೊಂಡು ಏನಾಗ್ಬೇಕೇ?" ಎಂದು ನಾನು ರೇಗಿಸಿದರೆ, "ಅವಕ್ಕೂ ಗೊತ್ತಿರ್ಲಿ ಬಿಡೋ, ಯಾರು ಬಂದಿದ್ರು ಅಂತ" ಎನ್ನುತ್ತಿದ್ದಳು. ಹೋದ ವರ್ಷ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು.

ಅವಳು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲೇ ನಾನು ಕಂಪ್ಯೂಟರಿನ ಮುಂದೆ ಕೂರುವವನು. ಅವಳು ತಂದ ಕೂಗುಗಳನ್ನು ಜೋಡಿಸಿಡುವುದು ನನ್ನ ಕೆಲಸ. ಅವಳು ಹೋಗಿ ಎರಡು ತಿಂಗಳಾಗಿರಬಹುದು, ಪ್ರೊಫೆಸರ್ ಕರೆದರು. ಅವರ ಪ್ರಬಂಧ ಅಚ್ಚಾಗಬೇಕಾದರೆ ಅಷ್ಟೂ ರೆಕಾರ್ಡಿಂಗನ್ನು ಯಾರು ಬೇಕಾದರೂ ಬಳಸುವಂತೆ ಅಂತರ್ಜಾಲದ ಸಾರ್ವಜನಿಕ ಭಂಡಾರಕ್ಕೆ ಹಾಕಬೇಕಿತ್ತು.

"ಕಪ್ಪೆ ಬಿಟ್ಟು ಬೇರೇನೂ ಕೇಳಿಸ್ಬಾರ್ದು ಕಣಯ್ಯ. ಮೊದಲ ಹನ್ನೆರಡು ಸೆಕೆಂಡು ಬರೀ ಮಾತು. ಎಲ್ಲಾ ಫೈಲಲ್ಲೂ ಕತ್ತರಿಸ್ಬಿಡು."

"ಸರ್, ಅಕ್ಕನ ಹೆಸರು?"

"ಕೊನೇಲಿ ಹಾಕಿದೀವಲ್ಲ, ಹೊರಗಡೆ ಕೆಲಸ ಮಾಡಿದ ಸಿಬ್ಬಂದಿಗೆ ಕೃತಜ್ಞತೆಗಳು ಅಂತ. ಸಂಗ್ರಹಿಸಿದವರ ಪಟ್ಟೀಲಿ ನಿನ್ನ ಹೆಸರು ಮೂರನೇದು ಇದೆ ನೋಡು. ಕೆಲಸ ಕಾಯಂ ಆಗೋಕೆ ಬೇಕಾಗತ್ತೆ."

ನಾನು ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಹದಿನಾಲ್ಕು ಸಾಲಿನ ಪ್ರೋಗ್ರಾಂ ಬರೆದೆ. ಸಾವಿರದ ನೂರ ನಲವತ್ತು ಫೈಲು ಕತ್ತರಿಸಲು ಅದಕ್ಕೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು. ಆಮೇಲೆ ಜಾಗ ಸಾಲದೆಂದು ಮೂಲ ಫೈಲುಗಳನ್ನೂ ಅಳಿಸಿದೆ. ಅದನ್ನು ಮಾಡೆಂದು ಯಾರೂ ಹೇಳಿರಲಿಲ್ಲ. ಅಷ್ಟು ಶಿಸ್ತಿನ ಮನುಷ್ಯ ನಾನು! ಅಕ್ಕನ ದನಿ ಬೇರೆಲ್ಲೂ ಉಳಿದಿಲ್ಲವೆಂದು ಹೊಳೆದದ್ದು, "ಅವಳು ಮಾತಾಡಿದ್ದು ಇದ್ರೆ ಒಂದ್ಸಲ ಕೇಳಿಸೋ" ಎಂದು ಅಮ್ಮ ಕೇಳಿದಾಗ. ಯಂತ್ರ ಕೆಟ್ಟು ಎಲ್ಲ ಹೋಯಿತು ಎಂದೆ. ಯಂತ್ರದ ಮೇಲೆ ಗೂಬೆ ಕೂರಿಸುವುದು ಬಲು ಸುಲಭ. ಅಮ್ಮ ನಂಬಿದಳು, ಆ ದಿನದಿಂದ ಊಟವೂ ಅರ್ಧವಾಯಿತು, ಮಾತೂ ಅರ್ಧವಾಯಿತು.

ಆಮೇಲೆ ದೂರದ ದೇಶದ ಒಬ್ಬ ಸಂಶೋಧಕಿಯಿಂದ ಪತ್ರ ಬಂತು. ರೆಕಾರ್ಡಿಂಗ್‌ಗಳು ಸೊಗಸಾಗಿವೆ, ಹಂಚಿಕೊಂಡದ್ದಕ್ಕೆ ಧನ್ಯವಾದ ಎಂದೆಲ್ಲ ಬರೆದು, ಕೊನೆಯಲ್ಲಿ ಹೀಗೆ ಕೇಳಿದ್ದರು: "ಪ್ರತಿ ಫೈಲಿನ ಆರಂಭದಲ್ಲಿ ಮಾತಾಡುವ ಮಹಿಳೆ ಯಾರು? ನಮಗೆ ಆ ಭಾಷೆ ಬಾರದು. ಆದರೆ ಕೊನೆಗೆ ಏನನ್ನೋ ಹೇಳಲು ಹೊರಟು ಪ್ರತಿ ಸಲವೂ ನಿಂತುಬಿಡುತ್ತಾರೆ. ನಮ್ಮ ಪ್ರಬಂಧದಲ್ಲಿ ಅವರನ್ನು ಹೆಸರಿಸಬೇಕಲ್ಲವೇ?"

ಒಂದು ಫೈಲು ತೆರೆದೆ, ಕಪ್ಪೆ. ಇನ್ನೊಂದು, ಅದೂ ಕಪ್ಪೆಯೇ. ಅವರ ಬಳಿಯಿರುವ ಪ್ರತಿಯನ್ನೇ ಕಳಿಸಿ ಎಂದು ಗೋಗರೆದೆ. ತಕ್ಷಣ ಕಳಿಸಿದರು. ಶಬ್ದದ ಅಲೆಗಳನ್ನು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮಾತಿನ ಗೆರೆ ಒಂದೂ ಇರಲಿಲ್ಲ.

ತಲೆ ಕೆಟ್ಟು ಮಧ್ಯಾಹ್ನವೇ ಮನೆಗೆ ಹೋಗಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮತ್ತೆ ಹಾಕಿದೆ. ಪಾತ್ರೆ ತೊಳೆಯುತ್ತಿದ್ದ ಅಮ್ಮ ನಲ್ಲಿ ನಿಲ್ಲಿಸಿದಳು.

"ಸಿಕ್ತೇನೋ?" ಎಂದು ಒದ್ದೆ ಕೈಯಲ್ಲೇ ಬಂದು ಕುರ್ಚಿ ಎಳೆದುಕೊಂಡಳು. "ಜೋರು ಮಾಡು. ಮೂಗು ಕಟ್ಟಿದೆ ನೋಡು ಅವಳಿಗೆ. ತಲೆಗೊಂದು ಬಟ್ಟೆ ಕಟ್ಕೊಂಡು ಹೋಗೇ ಅಂತ ಬಡ್ಕೊಂಡೆ."

ಜೋರು ಮಾಡಿದೆ, ನನಗೆ ಕೇಳಿಸಿದ್ದು ಕಪ್ಪೆಯೊಂದೇ. "ಏನ್ ಹೇಳ್ತಿದಾಳಮ್ಮ?"

"ಯಾಕೆ, ನಿನಗೆ ಕಿವಿ ಇಲ್ವಾ? ಹೊಂಡ ನಾಲ್ಕು ಅಂತೆ. ಇವತ್ತಿನ ತಾರೀಕು ಹೇಳಿದ್ಲು. ನೀರು ಇಪ್ಪತ್ತೊಂದು ಡಿಗ್ರಿ. ಮೋಡ ಇದೆ, ಗಾಳಿ ಇಲ್ಲ. ದಂಡೆ ಮೇಲೆ ಯಾರೋ ಕೆಂಪು ಕೊಡೆ ಬಿಟ್ಟು ಹೋಗಿದಾರಂತೆ."

ಹೊಂಡಗಳಿಗೆ ಸಂಖ್ಯೆಯಿರುವುದೇ ಅಮ್ಮನಿಗೆ ಗೊತ್ತಿರಲಿಲ್ಲ. ನಾನು ಥರ್ಮಾಮೀಟರ್ ಹಿಡಿದು ಬಸ್ಸು ಹತ್ತಿದೆ. ನಾಲ್ಕನೇ ಹೊಂಡದ ಮೇಲೆ ಮೋಡ ಕವಿದಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ನೀರು ಇಪ್ಪತ್ತೊಂದು ಡಿಗ್ರಿ. ಕೆಂಪು ಕೊಡೆ ದಂಡೆಯ ಮೇಲೆ ಬಿಚ್ಚಿಕೊಂಡೇ ಬಿದ್ದಿತ್ತು. ಒಂದು ಕಪ್ಪೆಯೂ ಕೂಗುತ್ತಿರಲಿಲ್ಲ. ಯಾರೋ ಮಾತು ಮುಗಿಸಲಿ ಎಂದು ಅವೆಲ್ಲ ಕಾಯುತ್ತಿವೆ ಅನ್ನಿಸಿತು. ಕೆಸರಿನಲ್ಲಿ ಹೆಜ್ಜೆ ಗುರುತುಗಳಿವೆಯೇ ಎಂದು ನೋಡುವ ಧೈರ್ಯ ಬರಲಿಲ್ಲ. ಓಡಿದೆ.

ಅಂದಿನಿಂದ ಅಮ್ಮ ದಿನಾ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂರತೊಡಗಿದಳು. ಫೈಲು ಅದೇ, ತಾರೀಕು ಮಾತ್ರ ದಿನಕ್ಕೊಂದು. ಅಮ್ಮ ಹೊಟ್ಟೆ ತುಂಬ ಉಂಡಳು, ತಲೆ ಬಾಚಿಕೊಂಡಳು, ಮಗಳಿಗೆ ಎದುರುತ್ತರವನ್ನೂ ಕೊಟ್ಟಳು. ನಾನು ಪಕ್ಕದಲ್ಲೇ ಕೂತು ಕಪ್ಪೆ ಕೇಳುತ್ತಿದ್ದೆ. ನನಗೆ ಅಮ್ಮನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ದಿನ ಅಮ್ಮ ಕಣ್ಣೊರೆಸಿಕೊಂಡಳು. "ಎಲ್ಲಾ ಸರಿಯಾಗಿ ಹೇಳ್ತಾಳೆ. 'ದಾಖಲಿಸುತ್ತಿರುವವರು' ಅಂತಾಳೆ, ಅಲ್ಲಿಗೆ ನಿಂತುಬಿಡ್ತಾಳೆ. ಮತ್ತೆ ಹೇಳ್ತಾಳೆ, ಮತ್ತೆ ನಿಲ್ತಾಳೆ. ತನ್ನ ಹೆಸರೇ ಸಿಗ್ತಿಲ್ಲ ಕಣೋ ಅವಳಿಗೆ. ಅಳ್ತಿದಾಳೆ."

ಮರುದಿನ ಪ್ರೊಫೆಸರ್ ಮುಂದೆ ನಿಂತು, ಸಂಗ್ರಹಿಸಿದವರ ಜಾಗದಲ್ಲಿ ಅಕ್ಕನ ಹೆಸರು ಸೇರಿಸಬೇಕು ಎಂದೆ.

"ಸತ್ತವರಿಗೆ ಹೆಸರು ಯಾಕಯ್ಯ? ಪಟ್ಟಿ ಮುಟ್ಟಿದ್ಯೋ, ನಿನ್ನ ಕೆಲಸದ ಕಾಗದ ನನ್ನ ಮೇಜು ಬಿಟ್ಟು ಕದಲಲ್ಲ."

ಒಂಬತ್ತು ದಿನ ಸುಮ್ಮನಿದ್ದೆ. ಹೆಸರು ಸಿಕ್ಕಿದರೆ ಅಕ್ಕ ಮಾತು ಮುಗಿಸುತ್ತಾಳೆ, ಅಮ್ಮ ಮತ್ತೆ ಒಣಗುತ್ತಾಳೆ ಎಂದು ನೆಪ ಹೇಳಿಕೊಂಡೆ. ನೆಪದಲ್ಲಿ ಅರ್ಧ ನಿಜವೂ ಇತ್ತು, ಉಳಿದರ್ಧ ಕೆಲಸದ ಆಸೆ. ಹತ್ತನೇ ದಿನ ಬೆಳಿಗ್ಗೆ ಭಂಡಾರದ ಪುಟ ತೆರೆದು, ಎಲ್ಲರಿಗಿಂತ ಮೇಲೆ ಅಕ್ಕನ ಪೂರ್ತಿ ಹೆಸರು ಬರೆದೆ. ನನ್ನ ಹೆಸರು ಅದೇ ಪಟ್ಟಿಯಲ್ಲಿರುವುದು ಕಂಡು ನಾಚಿಕೆಯಾಯಿತು. ಅದನ್ನು ತೆಗೆದುಹಾಕಿ, ಆ ಸಂಶೋಧಕಿಗೂ ತಿಳಿಸಿ, ಕೈ ತೊಳೆದುಕೊಂಡವನಂತೆ ಮನೆಗೆ ಬಂದೆ.

ಅಮ್ಮ ಆಗಲೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. "ಹೇಳಿದ್ಲು ಕಣೋ! ಪೂರ್ತಿ ಹೆಸರು ಹೇಳಿದ್ಲು!" ಎಂದು ನಕ್ಕಳು, ಅತ್ತಳು. ನಾನೂ ಅತ್ತೆ. ಎಷ್ಟು ಹಗುರವಾಯಿತೆಂದರೆ, ಕೆಲಸ ಹೋದರೆ ಹೋಗಲಿ ಅನ್ನಿಸಿತು.

ಅಷ್ಟರಲ್ಲಿ ಅಮ್ಮ ಕೈಯೆತ್ತಿದಳು. "ಇರು, ಇನ್ನೂ ಏನೋ ಹೇಳ್ತಿದಾಳೆ."

ಕೇಳಿಸಿಕೊಳ್ಳುತ್ತಲೇ ಒಂದೊಂದೇ ಪದವನ್ನು ಬಾಯಲ್ಲಿ ಹೇಳತೊಡಗಿದಳು. "ದಾಖಲಿಸಿದವರು, ನಾನು. ಕತ್ತರಿಸಿದವರು..." ಆಮೇಲೆ ಅಮ್ಮನ ಬಾಯಿಂದ ನನ್ನ ಹೆಸರು ಬಂತು. ಮನೆಯಲ್ಲಿ ಯಾರೂ ಕರೆಯದ, ಶಾಲೆಯ ಹಾಜರಿ ಪುಸ್ತಕದಲ್ಲಿದ್ದಂಥ ಪೂರ್ತಿ ಹೆಸರು.

ಅಮ್ಮ ಹೆಡ್‌ಫೋನ್ ತೆಗೆದಳು. "ಈಗ ಬರೀ ಕಪ್ಪೆ" ಎಂದಳು. ನನ್ನ ಕಡೆ ತಿರುಗಿದಳು.

"ಏನನ್ನ ಕತ್ತರಿಸಿದ್ಯೋ ನೀನು?"

"ಅವಳನ್ನೇ ಅಮ್ಮ" ಎಂದೆ.