ಹೆಬ್ಬೆರಳಿನ ನಾಡಿ

ಚಪ್ಪಲಿಯ ಸದ್ದು, ಒಂದು ಕಾಲಿನದರ ಪಟ್ಟಿ ಸಡಿಲವಾಗಿ ನೆಲಕ್ಕೆ ಎಳೆದಾಡುವ ಆ ಚಪ್ಪಲಿಯೇ ಇರಬೇಕು, ರೋಗಿಯ ಮಗಳದು — ಅಲ್ಲ, ನೆಲ ಒರೆಸುವವಳು, ಸದ್ಯ, ಬಕೆಟ್ಟು ತಳ್ಳಿಕೊಂಡು ಹಾದುಹೋದಳು, ವಾರ್ಡಿನ ಪರದೆಯ ಈಚೆ ನಿಂತ ಮೆಡಿಕಲ್ ವಿದ್ಯಾರ್ಥಿನಿ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳಲು ಮರೆತೇಬಿಟ್ಟಳು, ಉಸಿರು ಮರೆಯುವುದು ಇಷ್ಟು ಸುಲಭವೇ, ಪರದೆಯ ಆಚೆ ಮಲಗಿರುವ ತಾತನೂ ಹೀಗೆಯೇ ಮರೆತನೇ, ಅವಳು ತಲೆ ಬಾಚುತ್ತಿರುವಾಗಲೇ ಮರೆತನೇ ಅಥವಾ ಅದಕ್ಕೂ ಮೊದಲೇ, ಯಾರನ್ನು ಕೇಳುವುದು, ಹೌಸ್ ಸರ್ಜನ್ ಈಗಷ್ಟೇ ಮೂರು ಬೆರಳಿಟ್ಟು ನೋಡಿ, ಕಣ್ಣಿಗೆ ಟಾರ್ಚು ಬಿಟ್ಟು, ಎಷ್ಟೊತ್ತಾಯ್ತು, ಕೈ ತಣ್ಣಗಾಗಿದೆಯಲ್ರೀ, ಯಾರೂ ನೋಡ್ಲಿಲ್ವಾ, ಇಸಿಜಿ ಮಷೀನ್ ತರ್ತೀನಿ, ಮಗಳು ಬಂದ್ರೆ ಒಳಗೆ ಬಿಡ್ಬೇಡಿ, ಎಂದು ಹೋಗಿಬಿಟ್ಟ, ಯಾರೂ ನೋಡಲಿಲ್ಲವೇ ಎಂದರೆ ಅವಳು ನೋಡಿದ್ದಳು, ಕೈ ಹಿಡಿದೇ ನೋಡಿದ್ದಳು, ಈಗ ಆ ಕೈ ಕೋಟಿನ ಜೇಬಿನೊಳಗೆ ಹೋಗಿ ತಡಕಾಡುತ್ತಿದೆ, ಟಾರ್ಚು, ಟೇಪು, ಮೊಣಕಾಲು ತಟ್ಟುವ ರಬ್ಬರಿನ ಸುತ್ತಿಗೆ, ಪೆನ್ನುಗಳು, ಪೆನ್ನು ಒಂದಕ್ಕಿಂತ ಹೆಚ್ಚು ಇಟ್ಕೊಳೇ, ದೊಡ್ಡ ಡಾಕ್ಟರು ಇಸ್ಕೊಂಡಿದ್ದು ವಾಪಸ್ ಬರಲ್ಲ, ಇದು ಹಾಸ್ಟೆಲಿನ ಸೀನಿಯರ್ ಅಕ್ಕ ಹೇಳಿದ್ದು, ವಾರ್ಡಿಗೆ ಹೋಗೋಳು ಅರ್ಧ ಆಸ್ಪತ್ರೆ ಮೈಮೇಲೆ ಹೊತ್ತಿರ್ಬೇಕು ಕಣೇ, ಬಿಸ್ಕತ್ತೂ ಇಟ್ಕೋ, ರೌಂಡ್ಸಲ್ಲಿ ತಲೆ ತಿರುಗಿ ಬಿದ್ರೆ ರೋಗಿಗಳ ಮುಂದೆ ಮಾನ ಹೋಗುತ್ತೆ, ಅಮ್ಮ ಅದನ್ನು ಕೇಳಿ ನಕ್ಕು ನಕ್ಕು ಕೋಟಿಗೆ ಒಂದು ಒಳಜೇಬು ಹೊಲಿದುಕೊಟ್ಟಳು, ದಪ್ಪ ದಾರದಲ್ಲಿ, ಹರಿಯದ ಹಾಗೆ, ಎಲ್ಲ ಇದೆ, ಸ್ಟೆತಸ್ಕೋಪ್ ಒಂದಿಲ್ಲ, ಅದನ್ನು ರೂಮಿನ ಮರೆಗುಳಿ ಗೆಳತಿ ಪರೀಕ್ಷೆಗೆಂದು ಇಸಿದುಕೊಂಡು ಹೋದಳು, ಒಂದೇ ದಿನ ಕಣೇ, ಪ್ಲೀಸ್, ಇದ್ದಿದ್ದರೆ, ಎದೆಗೆ ಇಟ್ಟಿದ್ದರೆ — ಇಡುತ್ತಿದ್ದಳೇ, ಇವತ್ತು ಅವಳು ಬಂದದ್ದು ನಾಡಿ ನೋಡಲಿಕ್ಕಲ್ಲ, ಬಾಚಣಿಗೆ ಕೊಡಲಿಕ್ಕೆ.

ತಾತ ಕ್ಷೌರಿಕ, ಊರಿನ ತಲೆಗಳೆಲ್ಲ ತನ್ನ ಕೈಯಲ್ಲಿ ಹಾದುಹೋಗಿವೆ ಎನ್ನುತ್ತಿದ್ದ, ಏನಮ್ಮ ಡಾಕ್ಟ್ರೇ, ಜೇಬಲ್ಲಿ ಅಂಗಡೀನೇ ಇಟ್ಟಿದ್ದೀಯ, ಒಂದು ಬಾಚಣಿಗೆ ಇಲ್ವಾ, ಹೋಗೋವಾಗ ಕೆದರಿದ ತಲೇಲಿ ಹೋದ್ರೆ ನನ್ನ ಕಸುಬಿಗೇ ಅವಮಾನ ಅಲ್ವೇನಮ್ಮ, ಮಗಳು ಗದರುತ್ತಿದ್ದಳು, ಅಪ್ಪಾ ಸುಮ್ನಿರಪ್ಪ, ಎಲ್ಲಿಗೂ ಹೋಗ್ತಿಲ್ಲ ನೀನು, ಆಮೇಲೆ ಹೊರಗೆ ಬಂದು ಗೋಡೆಗೆ ಒರಗಿ, ಡಾಕ್ಟರು ಇನ್ನೇನೂ ಇಲ್ಲ ಅಂದ್ಬಿಟ್ರಲ್ಲಮ್ಮ, ನಂಗೊಂದೇ ಆಸೆ, ಹೋಗೋ ಹೊತ್ತಿಗೆ ಅವರ ಕೈ ನನ್ನ ಕೈಯಲ್ಲಿರ್ಬೇಕು, ಅಮ್ಮ ಹೋದಾಗ ನಾನಿರ್ಲಿಲ್ಲ, ಮಾತು ಕೊಟ್ಟಿದ್ದೀನಿ ಅಪ್ಪಂಗೆ, ಅದಕ್ಕೇ ಅವಳು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಕಣ್ಣು ಕೆಂಡ, ತುಟಿ ಒಡೆದಿತ್ತು, ತಾತನ ಮಾತು ನಿಂತ ಮೇಲೆ ಉಸಿರು ಬಂದು ಬಂದು ನಿಲ್ಲುತ್ತಿತ್ತು, ನಿಂತಿತೆಂದು ಬಗ್ಗಿ ನೋಡಿದರೆ ಮತ್ತೆ ಬರುತ್ತಿತ್ತು, ಆ ನಿಲುಗಡೆಗಳಿಗೆ ಎಲ್ಲರೂ ಒಗ್ಗಿಹೋಗಿದ್ದರು, ಇವತ್ತು ಮಧ್ಯಾಹ್ನ ವಿದ್ಯಾರ್ಥಿನಿ ಹೊಸ ಬಾಚಣಿಗೆ ತಂದಾಗಲೂ ಅಂಥದೊಂದು ನಿಲುಗಡೆ, ಬರುತ್ತೆ ಬಿಡು ಅಂದುಕೊಂಡಳು, ಬಲಗೈಯಲ್ಲಿ ಬಾಚಣಿಗೆ, ಎಡಗೈಯಲ್ಲಿ ತಾತನ ಮಣಿಕಟ್ಟು, ಬಿಳಿಕೂದಲನ್ನು ಹಿಂದಕ್ಕೆ ಬಾಚುತ್ತ, ಮಗಳು ಅದನ್ನು ಕಂಡು ಎಷ್ಟೋ ದಿನದ ಮೇಲೆ ನಕ್ಕಳು, ನಾಡಿ ಹೇಗಿದೆ ನೋಡ್ತೀಯಾ ತಾಯಿ, ಒಂದು ಲೋಟ ಟೀ ಕುಡಿದು ಬರ್ಲಾ, ಮಣಿಕಟ್ಟಿನ ಮೇಲೆ ಹೆಬ್ಬೆರಳು ಇತ್ತು, ಹೆಬ್ಬೆರಳು ಒತ್ತಿದಳು, ಬಡಿಯುತ್ತಿತ್ತು, ಎಷ್ಟು ಚೆನ್ನಾಗಿ, ಹರೆಯದವರ ನಾಡಿಯ ಹಾಗೆ, ಹೋಗಿ ಬನ್ನಿ ಅಕ್ಕ, ಚೆನ್ನಾಗಿದೆ, ನಾನಿಲ್ಲೇ ಇರ್ತೀನಲ್ಲ.

ಹರೆಯದವರ ನಾಡಿಯ ಹಾಗೆ — ಮೊದಲ ದಿನದ ಪಾಠ, ಮೇಷ್ಟರು ಮೂರು ಬೆರಳು ಎತ್ತಿ ತೋರಿಸಿ, ಇವು ಮೂರು, ಹೆಬ್ಬೆರಳು ಮಾತ್ರ ಬೇಡ, ಅದಕ್ಕೆ ತನ್ನದೇ ನಾಡಿ ಇದೆ, ಅದನ್ನಿಟ್ರೆ ಸತ್ತೋನೂ ಬದುಕಿರ್ತಾನೆ ನಿಮ್ಮ ಕೈಯಲ್ಲಿ, ಇಡೀ ತರಗತಿ ಘೊಳ್ಳೆಂದು ನಕ್ಕಿತ್ತು, ಅವಳೂ ನಕ್ಕಿದ್ದಳು, ಮರೆಗುಳಿಯ ತೊಡೆಗೆ ಹೊಡೆದು ನಕ್ಕಿದ್ದಳು, ಜೇಬಿನಲ್ಲಿ ಬಾಚಣಿಗೆಯ ಹಲ್ಲು ಚುಚ್ಚುತ್ತಿದೆ, ಹಲ್ಲಿಗೆ ಒಂದು ಬಿಳಿಕೂದಲು ಸುತ್ತಿಕೊಂಡಿದೆ, ಈ ಸಲ ಅದೇ ಚಪ್ಪಲಿ, ಎಳೆದಾಡುವ ಚಪ್ಪಲಿ, ಮುಖ ತೊಳೆದು ಹಗುರಾಗಿದ್ದಾಳೆ ಮಗಳು, ಎರಡು ಕೈಯಲ್ಲೂ ಟೀ ಕಪ್ಪು, ಯಾಕಮ್ಮ ಹೊರಗೆ ನಿಂತಿದ್ದೀಯ, ಬಾಚಿ ಆಯ್ತಾ, ಚೆನ್ನಾಗಿ ಕಾಣ್ತಾರಾ ಅಪ್ಪ, ಹಿಡಿ, ನಿಂಗೂ ಟೀ ತಂದೆ, ಬಿಸಿ ಇದೆ ನೋಡು, ನಾಡಿ ಹೇಗಿದೆ ಈಗ — ಅವಳ ಕೈ ತಾನಾಗಿಯೇ ಜೇಬಿನಿಂದ ಹೊರಬಂದು ಕಾಗದದ ಕಪ್ಪನ್ನು ಹಿಡಿಯಿತು, ಕಪ್ಪಿನ ಅಂಚಿನ ಮೇಲೆ ಹೆಬ್ಬೆರಳು, ಬಡಿಯುತ್ತಿದೆ, ಎಷ್ಟು ಚೆನ್ನಾಗಿ, ಹೆಬ್ಬೆರಳು, ಬಡಿಯುತ್ತಿದೆ