ಕಾರಿಡಾರಿನ ಗುಬ್ಬಿಗಳು

ವರ್ಷದ ಕೊನೆಯ ರಜೆಯಲ್ಲಿ ಮನೆಮಂದಿಯೆಲ್ಲ ಬಂದು ನೋಡಲೆಂದು ಬ್ಯಾಲೆ ನೃತ್ಯದ ತಂಡವೊಂದು ಪ್ರತಿ ವರ್ಷ ಒಂದು ಆಟ ಆಡುತ್ತಿತ್ತು. ಅದರಲ್ಲಿ ಒಬ್ಬಳು ಕಾಡಿನ ರಾಣಿ. ಅವಳ ಹಿಂದೆ ಗುಬ್ಬಿಗಳಾಗಿ ಕುಣಿಯುವ ಮಕ್ಕಳ ದಂಡು. ಎಷ್ಟೋ ವರ್ಷದಿಂದ ಆ ಪಾತ್ರ ಒಬ್ಬಳದೇ ಆಗಿದ್ದರಿಂದ ತಂಡದವರ ಬಾಯಲ್ಲಿ ಅವಳ ಹೆಸರೇ ರಾಣಿ ಎಂದಾಗಿಬಿಟ್ಟಿತ್ತು. ಈ ಸಲ ಗುಬ್ಬಿಗಳ ಸಾಲಿನಲ್ಲಿ ಅವಳ ಮಗಳೂ ಇದ್ದಳು.

ಉಡುಪು ತೊಟ್ಟು ನೋಡುವ ದಿನ ಮಗಳ ಬೆನ್ನಿನ ಜಿಪ್ ಅರ್ಧಕ್ಕೇ ನಿಂತಿತು. ಹೊಲಿಗೆಯಮ್ಮ ಒಳಮಡಿಕೆ ತಡವಿ, "ಬಟ್ಟೆ ಬೇಕಾದಷ್ಟಿದೆ, ಬಿಚ್ಚಿ ಹೊಲಿದ್ರಾಯ್ತು" ಎಂದರು.

"ಬಟ್ಟೆ ಬಿಚ್ಚೋದು ಬೇಡ, ಮೈ ಇಳಿಸ್ಲಿ," ನಿರ್ದೇಶಕರು ಎಲ್ಲರಿಗೂ ಕೇಳುವಂತೆ ಹೇಳಿದರು. "ಇಷ್ಟು ದಪ್ಪ ಗುಬ್ಬಿ ಎಲ್ಲಾದ್ರೂ ಇರುತ್ತಾ? ಈ ವರ್ಷ ಇವಳು ಬೇಡ."

ಮಕ್ಕಳು ಕಿಸಕ್ಕೆಂದರು. ಮಗಳು ಅಮ್ಮನ ಮುಖ ನೋಡಿದಳು.

ರಾಣಿಯ ಮೈ ಉರಿದುಹೋಯಿತು. ಇದೇ ವಯಸ್ಸಿನಲ್ಲಿ, ಇಂಥದೇ ಮಾತು ಕೇಳಿ ಅವಳು ರಾತ್ರಿಯೂಟ ಬಿಟ್ಟಿದ್ದಳು. ಮನೆಯವರು ಅದನ್ನು ಶಿಸ್ತು ಎಂದು ಹೊಗಳಿದ್ದರು. ಈಗಲೂ ಹಸಿವಾದರೆ ಏನೋ ತಪ್ಪು ಮಾಡಿದಂತೆ ಅನ್ನಿಸುತ್ತಿತ್ತು ಅವಳಿಗೆ.

"ಅವಳು ಬೇಡ ಅಂದ್ರೆ ನಾನೂ ಇಲ್ಲ ಸರ್."

"ಹೆದರಿಸ್ತೀಯಾ? ನಿನ್ನ ಬದಲಿಗೆ ಜನ ಇದ್ದಾರೆ."

ಇದ್ದಳು. ಪಕ್ಕದಲ್ಲೇ ನಿಂತು ಆ ಪಾತ್ರ ಕಲಿತಿದ್ದ ಹುಡುಗಿ ತಲೆ ತಗ್ಗಿಸಿ, "ಅಕ್ಕಾ, ನಂಗೆ ಬೇಡ ಅನ್ನೋಕಾಗಲ್ಲ" ಎಂದಳು.

"ಅನ್ನಬೇಡ. ಚೆನ್ನಾಗಿ ಮಾಡು." ರಾಣಿ ಕಿರೀಟ ತೆಗೆದು ಅವಳ ಕೈಗಿಟ್ಟಳು. "ಎಡಗಡೆ ಪಿನ್ನು ಸಡಿಲ, ನೋಡ್ಕೋ."

ಮನೆಯಲ್ಲಿ ಗಂಡ, "ದುಡುಕಿಬಿಟ್ಟೆ ಕಣೇ" ಎಂದದ್ದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಆದರೆ ಮಗಳು ತಟ್ಟೆಯ ಮುಂದೆ ಕೂತು ಮುಖ ಊದಿಸಿಕೊಂಡು ಹೇಳಿದಳು: "ನೀನು ಬಿಟ್ಟು ಬಂದ್ರೆ ನಂಗೇನು ಬಂತಮ್ಮ? ನಂಗೆ ಗುಬ್ಬಿ ಆಗ್ಬೇಕು."

ನಿಜವೇ ಅನ್ನಿಸಿತು ರಾಣಿಗೆ. ಮಗಳ ಮಾನ ಉಳಿಸಲು ಹೋಗಿ ಅವಳ ಕುಣಿತವನ್ನು ಅಲ್ಲೇ ಬಿಟ್ಟು ಬಂದಿದ್ದಳು.

ಮಾರನೆಯ ದಿನ ತಾಯಿ ಮಗಳು ತಾಲೀಮಿಗೆ ಹೋದರು. ಒಳಗಲ್ಲ, ಬಾಗಿಲ ಹೊರಗಿನ ಕಾರಿಡಾರಿಗೆ. ಒಳಗೆ ಪಿಯಾನೊ ಶುರುವಾದಾಗ ಹೊರಗೆ ಬಕೆಟ್ಟು, ಪೊರಕೆಗಳ ನಡುವೆ ಮಗಳು ತೋಳನ್ನೇ ರೆಕ್ಕೆ ಮಾಡಿಕೊಂಡು ಕುಣಿದಳು. ರಾಣಿ ಮೆಲುದನಿಯಲ್ಲಿ ತಾಳ ಹಾಕಿದಳು. ನಿರ್ದೇಶಕರು ಬಂದು ಬಾಗಿಲು ಹಾಕಿದರು. ಪಿಯಾನೊ ನುಡಿಸುವ ಅಜ್ಜ ಎದ್ದು ಬಂದು ತೆಗೆದರು.

"ಬಾಗಿಲು ಹಾಕಿದ್ರೆ ನಂಗೆ ಉಸಿರು ಕಟ್ಟುತ್ತೆ ಸರ್. ಬೆರಳು ಓಡಲ್ಲ."

ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗುಬ್ಬಿ ಹುಡುಗಿಯೇ ಮೊದಲು ಹೊರಗೆ ಬಂದು ಮಗಳ ಪಕ್ಕ ನಿಂತಳು. "ಮುಂದಿನ ವರ್ಷ ನಂಗೂ ಜಿಪ್ ಹತ್ತದೇ ಹೋದ್ರೆ?" ಎಂದಳು. ಅವಳ ಹಿಂದೆ ಅವಳ ತಂಗಿ ಬಂದಳು. ದಿನ ಕಳೆದಂತೆ ಹೊರಗೆ ಕಾಲಿಡಲು ಜಾಗವಿಲ್ಲದಂತಾಯಿತು. ಒಳಗೆ ಹೊಸ ರಾಣಿಯ ಬೆನ್ನ ಹಿಂದೆ ಬರೀ ನೆಲ. ಆಟ ಹತ್ತಿರ ಬಂದಿತ್ತು. ನಿರ್ದೇಶಕರು ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿದರು.

"ಎಲ್ಲರೂ ಒಳಗೆ ಬನ್ನಿ. ಇವಳೂ ಬರ್ಲಿ, ಕೊನೇ ಸಾಲಿಗೆ. ನೀನು ಮಾತ್ರ ಬೇಡ."

"ನಾನು ಕೇಳ್ಲೇ ಇಲ್ವಲ್ಲ ಸರ್," ಎಂದಳು ರಾಣಿ.

ಆಟದ ದಿನ ಅವಳು ಮನೆಯ ಬಟ್ಟೆಯಲ್ಲೇ ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ನಿಂತಳು. ಬಿಚ್ಚಿ ಹೊಲಿದ ಉಡುಪಿನಲ್ಲಿ ಮಗಳು ಒಂದು ಸುತ್ತು ತಪ್ಪಿದಳು, ಮತ್ತೆ ಸಾಲಿಗೆ ಸೇರಿಕೊಂಡಳು. ಹೊಸ ರಾಣಿಯ ನೆಗೆತ ನಿಜಕ್ಕೂ ತನ್ನದಕ್ಕಿಂತ ಎತ್ತರವಿದ್ದುದನ್ನು ರಾಣಿ ಕಂಡಳು. ಚಪ್ಪಾಳೆ ಬಿದ್ದಾಗಲೂ ಅವಳು ಅಲ್ಲಿಂದ ಕದಲಲಿಲ್ಲ.

ವಿರಾಮದಲ್ಲಿ ನಿರ್ದೇಶಕರು ಬಂದರು. "ಮುಂದಿನ ವರ್ಷ ಪಾತ್ರ ಬೇಕಿದ್ರೆ ಎಲ್ಲರೆದುರು ಕ್ಷಮೆ ಕೇಳ್ಬೇಕಾಗುತ್ತೆ."

"ಎಲ್ಲರೆದುರೇ ಕೇಳ್ಬೇಕು ಸರ್," ಎಂದು ರಾಣಿ ಮಗಳತ್ತ ಕೈ ತೋರಿಸಿದಳು. "ನೀವು, ಅವಳ ಹತ್ರ."

ಅವರು ತಿರುಗಿ ಹೊರಟುಹೋದರು. ವಿರಾಮ ಮುಗಿದ ಗಂಟೆ ಹೊಡೆಯಿತು. ಮಗಳ ಬ್ಯಾಲೆ ಶೂವಿನ ಪಟ್ಟಿ ಬಿಚ್ಚಿಕೊಂಡಿತ್ತು. ರಾಣಿ ನೆಲದ ಮೇಲೆ ಕೂತು ಬಿಗಿಯಾಗಿ ಕಟ್ಟಿದಳು.

"ಓಡು, ನಿನ್ನ ಸಾಲು ಹೊರಟಿತು."