ಕರಡಿ ಕೂತ ಜಮಖಾನೆ

ನಾನು ಒಂದು ಜಮಖಾನೆ. ನವಲಗುಂದದ ಖೈರುನಬಿ ತನ್ನ ಮನೆಯ ಮಗ್ಗದಲ್ಲಿ ನನ್ನನ್ನು ನೇಯ್ದಳು. ಕೆಂಪು, ಹಳದಿ, ನೀಲಿ ಪಟ್ಟೆ. ನಡುವೆ ಎರಡು ನವಿಲು. ದೊಡ್ಡ ಮನೆಗೇ ಹೋಗುತ್ತೇವೆಂದು ನವಿಲುಗಳು ನಂಬಿದ್ದವು. ಹೋದದ್ದು ಗದಗ ಕಡೆಯ ಒಂದು ಹಳ್ಳಿಯ ಪಂಚಾಯ್ತಿ ಗ್ರಂಥಾಲಯಕ್ಕೆ.

ಆ ಊರಿನಲ್ಲಿ ಹಾಸಲು ಇದ್ದದ್ದು ನಾನೊಂದೇ. ನಿಶ್ಚಿತಾರ್ಥಕ್ಕೂ ನಾನೇ, ಭಜನೆಗೂ ನಾನೇ, ಜಗಳ ಬಿಡಿಸುವುದಕ್ಕೂ ನಾನೇ. ಕೆಳಗಿನಿಂದ ನೋಡಿದರೆ ಊರ ಹಿರಿಯರೆಲ್ಲ ಒಂದೇ. ಹಿಮ್ಮಡಿಯ ಬಿರುಕಿನಲ್ಲಷ್ಟೇ ವ್ಯತ್ಯಾಸ.

ಶನಿವಾರ ಮಧ್ಯಾಹ್ನ ಮಾತ್ರ ನಾನು ಮಕ್ಕಳ ಪಾಲು. ಗ್ರಂಥಪಾಲಕ ಸಾಲಿಮಠರು ಅವರಿಗೆ ಕಥೆ ಓದುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಹಿಂದೆ ಹನ್ನೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ನೋಟಿಸು ಓದಿದವರು. ಓದುವಾಗ ಒಂದಕ್ಷರವೂ ಬಿಡಬಾರದೆಂಬುದು ಅವರ ಧರ್ಮ. ಪ್ರಕಾಶಕರ ವಿಳಾಸ, ಮುದ್ರಣಾಲಯದ ಹೆಸರು, ‘ಪ್ರತಿಗಳು ಒಂದು ಸಾವಿರ’ ಎಲ್ಲ ಆದ ಮೇಲೆಯೇ ಕಥೆ. ಬೇಸರಕ್ಕೆ ಮಕ್ಕಳು ನನ್ನ ಅಂಚಿನ ದಾರ ಕೀಳುತ್ತಿದ್ದರು. ಒಂದೇ ಬೇಸಿಗೆಯಲ್ಲಿ ಒಂದು ಕಡೆಯ ಕುಚ್ಚು ಬೋಳಾಯಿತು.

ಮೂವತ್ತು ಮಕ್ಕಳು ಹದಿನೈದಾದರು, ಹದಿನೈದು ಏಳಾದರು. ಪಂಚಾಯ್ತಿ ಅಧ್ಯಕ್ಷೆ ಬಂದು ತಲೆ ಎಣಿಸಿದರು.

“ಸಾಲಿಮಠರ, ಬರೋ ಶನಿವಾರ ಹತ್ತು ಮಂದಿ ಆಗಲಿಲ್ಲಂದ್ರ ಓದೋದು ಸಾಕ್ ಮಾಡ್ರಿ. ಈ ಖೋಲಿಯೊಳಗ ಸಿಮೆಂಟ್ ಚೀಲ ಇಡೋಣು.”

ಎಲ್ಲರೂ ಹೋದ ಮೇಲೆ ಸಾಲಿಮಠರು ನನ್ನ ಮೇಲೆ ಕೂತು ಖಾಲಿ ಖೋಲಿಗೆ ಓದಿ ಅಭ್ಯಾಸ ಮಾಡಿದರು. ಇನ್ನಷ್ಟು ಸ್ಪಷ್ಟವಾಗಿ ಓದಿದರು. ಅವರ ತೊಂದರೆಯೇ ಅದು.

ಆ ಶನಿವಾರ ಬಂದವರು ಆರು ಮಕ್ಕಳು. ಕ್ಷೌರದಂಗಡಿಗೆ ಬಂದ ಕರಡಿಯ ಕಥೆ. ಅದೇ ಹೊತ್ತಿಗೆ ಊರಿನ ಗಟ್ಟಿ ಗಂಟಲಿನ ಹೆಂಗಸು ಫಕ್ಕೀರವ್ವ ತನ್ನ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ನನ್ನನ್ನು ಒಯ್ಯಲು ಬಂದು ಬಾಗಿಲಲ್ಲಿ ನಿಂತಳು.

“ಕರಡಿಯು ಸಿಟ್ಟಿನಿಂದ ಗರ್ಜಿಸಿತು,” ಎಂದು ಸಾಲಿಮಠರು ಜಮೀನಿನ ಚೆಕ್ಕುಬಂದಿ ಹೇಳುವ ಧಾಟಿಯಲ್ಲಿ ಓದಿದರು.

“ಅಯ್ಯ ಶಿವನ! ಸಿಟ್ಟಿಗೆದ್ದ ಕರಡಿ ಹಿಂಗ ಇರ್ತದೇನ್ರೀ ಮಾಸ್ತರ? ನಮ್ಮ ಎಮ್ಮಿ ಇದಕ್ಕಿಂತ ಜೋರ್ ಐತಿ.”

“ಪುಸ್ತಕದಾಗ ಇಷ್ಟ ಬರದಾರವ್ವ.”

“ಉಳಿದದ್ದು ನಿಮ್ಮನ್ನ ನಂಬಿ ಬಿಟ್ಟಿರತಾರ್ರೀ!”

ಫಕ್ಕೀರವ್ವ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಗರ್ಜನೆ ಹಾಕಿದಳು. ನನ್ನ ನವಿಲುಗಳೂ ಬೆಚ್ಚಿದವು.

“ಹೂಂ, ಮುಂದ ಓದ್ರಿ. ಕರಡಿ ನನಗಿರ್ಲಿ, ಕ್ಷೌರದಾವ ನೀವಾಗ್ರಿ. ಸ್ವಲ್ಪ ನಡುಗ್ರಿ.”

ನಡುಗುವುದು ಕಷ್ಟವಾಗಲಿಲ್ಲ, ಫಕ್ಕೀರವ್ವ ಎದುರಿಗೇ ಇದ್ದಳು. “ದಾ… ದಾಡಿಯೋ, ಕ… ಕಟಿಂಗೋ, ಕರಡೆಪ್ಪನವರೇ?” ಎಂದರು ಸಾಲಿಮಠರು. ಆ ‘ಕರಡೆಪ್ಪನವರೇ’ ಪುಸ್ತಕದಲ್ಲಿರಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಅವರು ಓದಿದ್ದು ಅದೇ ಮೊದಲು. ಗಾಬರಿಯಿಂದ ಒಮ್ಮೆ ಸುತ್ತ ನೋಡಿದರು. ಯಾರೂ ದೂರು ಕೊಡಲಿಲ್ಲ. ಮಕ್ಕಳು ಬಿದ್ದುಬಿದ್ದು ನಗುತ್ತಿದ್ದರು.

ಗದ್ದಲ ಕೇಳಿ ಬೀದಿಯ ಮಕ್ಕಳು ಕಿಟಕಿಗೆ ಬಂದರು, ಆಮೇಲೆ ಒಳಗೆ. ನನ್ನನ್ನು ಬೇಗ ತರಲೆಂದು ತೊಟ್ಟಿಲ ಮನೆಯವರು ಕಳಿಸಿದ ನಾಲ್ವರೂ ಕೂತೇಬಿಟ್ಟರು. ಆ ಕೂಸಿಗೆ ಬರಿನೆಲದ ಮೇಲೆ ಹೆಸರಿಟ್ಟರಂತೆ. ಅಧ್ಯಕ್ಷೆ ಬಂದು ಇಪ್ಪತ್ತರವರೆಗೆ ಎಣಿಸಿ ಕೈಬಿಟ್ಟರು. “ಸಿಮೆಂಟ್ ಬ್ಯಾರೆ ಕಡೆ ಇಡೋಣು,” ಅಂದವರು, ಕರಡಿಯ ಕ್ಷೌರ ಮುಗಿಯುವವರೆಗೂ ಕದಲಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಗ್ರಂಥಾಲಯಕ್ಕೆ ಪ್ಲಾಸ್ಟಿಕ್ ಚಾಪೆ ಬಂದಿದೆ. ನಾನು ಕಪಾಟಿನ ಹಿಂದೆ ಸುರುಳಿಯಾಗಿದ್ದೇನೆ. ಮೊನ್ನೆ ಯಾರೋ ಬಿಚ್ಚಿ ನೋಡಿದರು. ಕಥೆ ಓದುವವರ ಹತ್ತಿರದ ಮುಂದಿನ ಅರ್ಧ ಸವೆದು ಜಾಳುಜಾಳು, ಹಿಂದಿನ ಅರ್ಧ ಹೆಚ್ಚುಕಡಿಮೆ ಹೊಸದು. ಇಲಿ ಕಡಿದಿರಬೇಕು ಅಂದರು.

ಇಲಿಯಲ್ಲ. ಆ ಶನಿವಾರದಿಂದಾಚೆ ಹಿಂದೆ ಕೂರಲು ಯಾವ ಮಗುವೂ ಒಪ್ಪಲಿಲ್ಲ.